ಮುಹೂರ್ತಕ್ಕೆ ಕೊಟ್ಟ ಕೀ

‘ಸಾಕ್ಷಿ ಅಂತ ಯಾರಾದ್ರೂ ಇದಾರಾ?’ ಎಂದು ವಕೀಲರು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಬಸವರಾಜಣ್ಣ ನನ್ನನ್ನು ನೋಡುತ್ತಿದ್ದರು.

ಸ್ವಲ್ಪ ಹಿಂದಿನಿಂದ ಹೇಳಿದರೆ ವಾಸಿ. ಬಸವರಾಜಣ್ಣ ಗುಬ್ಬಿಯ ಕಂಟ್ರಾಕ್ಟರು. ತುಮಕೂರಿನಲ್ಲಿ ನಮ್ಮ ಮನೆ ಕಟ್ಟಿದವರು. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ. ಆ ಖುಷಿಯಲ್ಲಿ ನಾನೇ ಅವರನ್ನು ಕುಣಿಗಲ್ಲಿನ ನನ್ನ ಬಾಮೈದನಿಗೆ ಪರಿಚಯ ಮಾಡಿಸಿದ್ದೆ. (ದೊಡ್ಡ ಉಪಕಾರ ಮಾಡಿದವನ ಹಾಗೆ ಎರಡೂ ಕಡೆ ಕಾಫಿ ಕುಡಿದಿದ್ದೆ.)

ಮನೆ ಎದ್ದಿತು. ಅಗ್ರಿಮೆಂಟ್? ಇಲ್ಲ. ಚದರಕ್ಕೆ ಇಷ್ಟು ಅಂತ ಬಾಯಿಮಾತು, ಹಣ ಬಂದಾಗ ಬಸವರಾಜಣ್ಣನ ಡೈರಿಯಲ್ಲಿ ಒಂದು ಸಾಲು. ಅಷ್ಟೇ. ಮಧ್ಯದಲ್ಲಿ ಬಾಮೈದ ಪೋರ್ಟಿಕೋ ಬೇಕೆಂದ, ಮೆಟ್ಟಿಲ ಕೆಳಗೊಂದು ಸ್ಟೋರ್ ರೂಮ್ ಬೇಕೆಂದ. ಎಲ್ಲಕ್ಕೂ ಅವನದು ಒಂದೇ ಮಾತು, ಕೊನೆಗೆ ನೋಡ್ಕೊಳ್ಳೋಣ. ಕೊನೆ ಬಂದಾಗ ನಾಲ್ಕೂವರೆ ಲಕ್ಷ ಬಾಕಿ.

ಲೆಕ್ಕ ಮುಗಿಯುವವರೆಗೆ ಬಸವರಾಜಣ್ಣ ಕೀ ಕೊಡುವುದಿಲ್ಲ. ನಮಗೂ ಕೊಟ್ಟಿರಲಿಲ್ಲ. ಆದರೆ ಬಾಮೈದನ ಗೃಹಪ್ರವೇಶದ ಬೆಳಗ್ಗೆ ಪುರೋಹಿತರು ಗಡಿಯಾರ ನೋಡುತ್ತಿದ್ದಾರೆ, ಹಸು-ಕರು ಬಾಗಿಲಿಗೆ ಬಂದು ನಿಂತಿವೆ, ಬಸವರಾಜಣ್ಣ ಕೀ ಜೇಬಿನಲ್ಲಿಟ್ಟುಕೊಂಡು ಕಾಂಪೌಂಡಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಾರೆ. ನೆಂಟರಲ್ಲಿ ಗುಸುಗುಸು. ನಾನೇ ಹೋದೆ.

‘ಕೊಟ್ಬಿಡಿ ಬಸವರಾಜಣ್ಣ, ಮುಹೂರ್ತ ಮೀರುತ್ತೆ. ನಿಮ್ ದುಡ್ಡಿಗೆ ನಾನಿದೀನಿ.’

ಕೊಟ್ಟರು. ಬಾಮೈದ ಅವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. ಹೋಳಿಗೆ ಊಟ ಚೆನ್ನಾಗಿತ್ತು.

ಮೂರು ವರ್ಷ ಆಗುತ್ತಾ ಬಂತು, ದುಡ್ಡು ಬರಲಿಲ್ಲ. ಕೇಳಿದಾಗಲೆಲ್ಲ ಬಚ್ಚಲಲ್ಲಿ ನೀರು ನಿಲ್ಲುತ್ತೆ ಅಂತಾನೆ. (ನಿಲ್ಲುತ್ತೆ. ನಾನೇ ಪ್ಯಾಂಟ್ ನೆನೆಸಿಕೊಂಡಿದ್ದೇನೆ.) ಆದರೆ ಬಚ್ಚಲ ಇಳಿಜಾರಿಗೆ ನಾಲ್ಕೂವರೆ ಲಕ್ಷ ಹಿಡಿದಿಟ್ಟುಕೊಳ್ಳುವುದಾ? ಯಾರ ಕಡೆ ಮಾತಾಡಬೇಕೋ ನನಗೇ ಗೊತ್ತಾಗದೆ ಇಷ್ಟು ದಿನ ಎರಡೂ ಕಡೆ ತಲೆಯಾಡಿಸಿಕೊಂಡಿದ್ದೆ.

ಕಳೆದ ವಾರ ಬಸವರಾಜಣ್ಣ ಬಂದು, ವಕೀಲರ ಹತ್ತಿರ ಹೋಗೋಣ, ಜೊತೆಗೆ ಬನ್ನಿ ಅಂದರು. ಹೋದೆವು. ವಕೀಲರು ದಾರಿಗಳು ಬೇಕಾದಷ್ಟಿವೆ ಎಂದು ಶುರು ಮಾಡಿದರು. ಮೊದಲು ಲೀಗಲ್ ನೋಟಿಸ್. ಬಗ್ಗದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ, ಅದಕ್ಕೆ ಕೋರ್ಟ್ ಫೀ ಬೇರೆ. ರಾಜಿಗೆ ಒಪ್ಪಿದರೆ ಲೋಕ ಅದಾಲತ್. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಆರ್ಬಿಟ್ರೇಷನ್. ಚೆಕ್ ಬೌನ್ಸ್ ಆಗಿದ್ದರೆ ಕ್ರಿಮಿನಲ್ ಕೇಸು. (ಬೌನ್ಸ್ ಆಗುವುದಕ್ಕಾದರೂ ಒಂದು ಚೆಕ್ ಕೊಡಬಾರದಿತ್ತೇ ನನ್ನ ಬಾಮೈದ?) ಪೊಲೀಸ್ ಸ್ಟೇಷನ್ನಿಗೆ ಹೋದರೆ, ಇದು ಸಿವಿಲ್ ಮ್ಯಾಟರ್ ಎಂದು ವಾಪಸ್ ಕಳಿಸಬಹುದು. ಎಲ್ಲಕ್ಕಿಂತ ಮುಖ್ಯ, ಕೆಲಸ ಮುಗಿದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಉಳಿದಿರುವುದು ಎರಡು ತಿಂಗಳು.

ನನಗೆ ತಲೆ ಗಿರ್ರೆಂದಿತು. ಇಷ್ಟೊಂದು ದಾರಿಗಳಿದ್ದೂ ಒಂದರಲ್ಲೂ ನಡೆಯೋಕಾಗುತ್ತಿಲ್ಲವಲ್ಲ?

ಬಸವರಾಜಣ್ಣ ಕೇಳಿದ್ದು ಒಂದೇ. ಬರೆದಿಲ್ಲದಿದ್ದರೆ ನಡೆಯುತ್ತಾ? ಬಾಯಿಮಾತೂ ಒಪ್ಪಂದವೇ, ಆದರೆ ಅದನ್ನು ಸಾಬೀತು ಮಾಡಬೇಕು ಅಂದರು ವಕೀಲರು. ಆಗಲೇ ಸಾಕ್ಷಿಯ ಪ್ರಶ್ನೆ ಬಂದದ್ದು, ನಾನು ಕ್ಯಾಲೆಂಡರ್ ನೋಡಿದ್ದು.

‘ಇವ್ರೇ ಇದಾರಲ್ಲ ಸಾರ್’ ಅಂದರು ಬಸವರಾಜಣ್ಣ. ‘ಇವ್ರ ಮಾತ್ ಕೇಳೇ ನಾನು ಕೀ ಕೊಟ್ಟಿದ್ದು.’

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ವಕೀಲರು ಪೆನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಸೋಮವಾರ ಹೇಳ್ತೀನಿ ಅಂದೆ.

ಹೊರಗೆ ಬಂದು ಸ್ಕೂಟರ್ ತೆಗೆಯುವಾಗ ಬಸವರಾಜಣ್ಣ ಇನ್ನೊಂದು ವಿಷಯ ಹೇಳಿದರು. ಅವತ್ತು ಗಾರೆ ಆಳುಗಳ ಕೂಲಿಗೆ ಮಾಡಿದ ಸಾಲ ತೀರಿಸಲು ಕಾಂಕ್ರೀಟ್ ಮಿಕ್ಸರ್ ಮಾರುತ್ತಿದ್ದಾರಂತೆ. ಹಿರೇಹಳ್ಳಿಯ ಒಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ. ಆ ಮಿಕ್ಸರ್ ಹೋದರೆ ಅವರು ಇನ್ನು ಮನೆ ಕಟ್ಟುವವರಲ್ಲ, ಬೇರೆಯವರ ಸೈಟಿನಲ್ಲಿ ಕೂಲಿಗೆ ನಿಲ್ಲುವವರು. ನನಗೆ ನಾಚಿಕೆಯಾಯಿತು.

ಇವತ್ತು ಭಾನುವಾರ. ಹೆಂಡತಿ ಅಡುಗೆಮನೆಯಲ್ಲಿ ತಮ್ಮನ ಜೊತೆ ಫೋನಿನಲ್ಲಿ ನಗುತ್ತಿದ್ದಾಳೆ. ನಾನು ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ.

ಅವತ್ತು ಕೀ ಕೊಡಿಸುವಾಗ ಅವಳನ್ನು ಒಂದು ಮಾತೂ ಕೇಳದವನು, ಸಾಕ್ಷಿ ಹೇಳಲು ಮಾತ್ರ ಅವಳ ಒಪ್ಪಿಗೆ ಬೇಕು ಅಂತ ಯಾಕೆ ಕಾಯುತ್ತಿದ್ದೇನೆ?