ಮೂರನೆಯ ಕರೆ

ಕಡಬದ ಹೊಳೆಯಲ್ಲಿ ರಜೆಗೆ ಬಂದವರನ್ನು ಜೆಟ್ ಬೋಟಿನಲ್ಲಿ ಗಿರಗಿರನೆ ತಿರುಗಿಸುವ ದೇರಣ್ಣ, ಮೂರು ಸಲ ಕರೆಯದೆ ಯಾರಿಗೂ ಓಗೊಡುವವರಲ್ಲ. ಹೆಂಡತಿ ಊಟಕ್ಕೆ ಕರೆದರೂ ಅಷ್ಟೇ, ಗಿರಾಕಿಗಳು ಹೆದರಿ “ನಿಲ್ಸಿ ಮಾರಾಯ್ರೆ!” ಎಂದು ಬೊಬ್ಬೆ ಹೊಡೆದರೂ ಅಷ್ಟೇ, ಮೊದಲೆರಡು ಬೊಬ್ಬೆಗೆ ಬೋಟು ಇನ್ನಷ್ಟು ಹಾರುತ್ತದೆ. “ಹೊಳೆಯಲ್ಲಿ ಕರೆಯುದು ಮನುಷ್ಯರೇ ಅಂತ ಎಂತ ಗ್ಯಾರಂಟಿ? ಸತ್ತವರು ಎರಡೇ ಸಲ ಕರೆಯುದು,” ಎಂದು ಅವರು ಕಣ್ಣು ಮಿಟುಕಿಸಿದಾಗ ದರ್ಬೆಯಿಂದ ಬಂದು ಬೋಟು ಹತ್ತಿದ್ದ ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ಆದರೆ ವರ್ಷಗಳ ಹಿಂದೆ ತಮ್ಮ ಮುಳುಗಿದ್ದ ನಡುಹೊಳೆಯ ಕಯ, ಆ ಆಳದ ಮಡುವಿನ ಮೇಲೆ ಅವರು ಇಂಜಿನ್ ಆಫ್ ಮಾಡಿ ನೀರಿಗೆ ಕಿವಿಗೊಟ್ಟರು. ಅವಳಿಗೆ ಏನೂ ಕೇಳಿಸಲಿಲ್ಲ. ದೇರಣ್ಣ ಒಂದು ಬೆರಳು ಮಡಚಿದರು, ಸ್ವಲ್ಪ ಹೊತ್ತಿಗೆ ಇನ್ನೊಂದು. ಮೂರನೆಯದು ಹಾಗೇ ನಿಂತಿತ್ತು. “ಇನ್ನೊಂದು ಸಲ ಕರಿ ತಮ್ಮ,” ಎಂದರು ನೀರಿಗೆ, “ಬರ್ತೇನೆ.”