ತೆಗೆದು ನೋಡಿ

ಪುಂಜಾಲಕಟ್ಟೆಯ ಹತ್ತಿರದ ನಮ್ಮ ಶಾಲೆಗೆ ಕಂಪ್ಯೂಟರ್ ಬಂದಾಗ ಅದರ ಉಸ್ತುವಾರಿ ಕನ್ನಡ ಮೇಷ್ಟ್ರಾದ ನನ್ನ ತಲೆಗೆ ಬಿತ್ತು. ಗಣಿತದವರು ಪುರುಸೊತ್ತಿಲ್ಲ ಎಂದರು, ವಿಜ್ಞಾನದವರು ಬೆನ್ನುನೋವು ಎಂದರು. ನನಗೆ ಸಮಯಕ್ಕೆ ಸರಿಯಾಗಿ ಯಾವ ನೋವೂ ನೆನಪಾಗಲಿಲ್ಲ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಯಾವುದೋ ಕಚೇರಿಯವರು ತಮಗೆ ಬೇಡವಾದ ಮೂರು ಯಂತ್ರಗಳನ್ನು ದಾನ ಕೊಟ್ಟಿದ್ದರು. ಎರಡು ಮೊದಲ ಮಳೆಗಾಲಕ್ಕೇ ಕೆಟ್ಟವು. ಉಳಿದ ಒಂದರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಇತ್ತು. ಅದನ್ನು ಬಲ್ಲವರು ನಮ್ಮ ಕಡೆ ಯಾರೂ ಇರಲಿಲ್ಲ.

ಆ ಯಂತ್ರವನ್ನು ನಿಜವಾಗಿ ಬಳಸುತ್ತಿದ್ದವರು ನಮ್ಮ ಆಫೀಸಿನ ಕ್ಲರ್ಕ್, ಬ್ಯಾರಿ ಮುಸ್ಲಿಂ ಮನೆತನದ ಹೆಣ್ಣುಮಗಳು. ಗಂಡ ಗಲ್ಫಿನಲ್ಲಿ. ಮಗು ಹುಟ್ಟುವ ಮೊದಲೇ ಹೋದವರು, ರಜೆ ಸಿಗಲು ಇನ್ನೂ ಒಂದು ವರ್ಷ ಇತ್ತು. ಈಕೆ ಅಣ್ಣನ ಕ್ಯಾಮೆರಾದಲ್ಲಿ ಹಿಡಿದ ಮಗಳ ಫೋಟೋಗಳನ್ನೆಲ್ಲ ಶಾಲೆಯ ಕಂಪ್ಯೂಟರಿಗೆ ತುಂಬಿ, ಕ್ಯಾಮೆರಾದಿಂದ ಅಳಿಸಿ, ಅಣ್ಣನಿಗೆ ಹಿಂದೆ ಕೊಡುತ್ತಿದ್ದರು. ಮಗು ಕವುಚಿ ಬಿದ್ದದ್ದು, ಮೊದಲ ಹಲ್ಲು, ಗೋಡೆ ಹಿಡಿದು ನಿಂತದ್ದು, ಎಲ್ಲವೂ ಒಂದೇ ಫೋಲ್ಡರಿನಲ್ಲಿ ಇದ್ದವು. ನೆರೆಮನೆಯವರೊಬ್ಬರು ಆ ಶುಕ್ರವಾರ ವಿಮಾನ ಹತ್ತುವವರಿದ್ದರು. ಅವರ ಕೈಯಲ್ಲಿ ಗಂಡನಿಗೆ ಫೋಟೋಗಳ ಸಿ.ಡಿ. ಕಳಿಸಬೇಕಾಗಿತ್ತು.

"ಅವರು ಮಗುವನ್ನು ನೋಡಿಯೇ ಇಲ್ಲ ಸರ್. ಫೋನಿನಲ್ಲಿ ಅಳುವುದು ಕೇಳಿದ್ದು ಅಷ್ಟೆ" ಎಂದರು.

ಸಿ.ಡಿ. ಬರೆಯಲು ಹೊರಟರೆ ಯಂತ್ರ ಜಾಗವಿಲ್ಲ ಎಂದಿತು. ದಾನ ಕೊಟ್ಟವರು ತಮ್ಮ ಆಟಗಳನ್ನೂ ಇನ್ನೇನನ್ನೋ ಎಲ್ಲ ಒಳಗೇ ಬಿಟ್ಟಿದ್ದರು. ಅವನ್ನು ಕಿತ್ತುಹಾಕಬೇಕು. ಮೆಲ್ಕಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಹಳೆಯ ಶಿಷ್ಯನಿಗೆ ಫೋನು ಮಾಡಿದೆ. ಇವನ ಪ್ರಬಂಧಗಳಲ್ಲಿ ಬೇಡದ ಪದಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನು ನಾನೇ. ಒಂದು ಪದದಲ್ಲಿ ಹೇಳಬಹುದಾದದ್ದಕ್ಕೆ ಮೂರು ಬಳಸುತ್ತಿದ್ದ.

"ಹೆದರಬೇಡಿ ಸರ್, ಕಮಾಂಡ್ ನಾನು ಹೇಳ್ತೇನೆ, ನೀವು ಬರ್ಕೊಳ್ಳಿ" ಎಂದ.

ಫೋನು ಹೆಡ್ಮಾಸ್ಟರರ ಕೋಣೆಯಲ್ಲಿ, ಕಂಪ್ಯೂಟರ್ ಅಂಗಳದಾಚೆಯ ಕಟ್ಟಡದಲ್ಲಿ. ಹಾಗಾಗಿ ಎರಡು ದಿನ ನನ್ನ ಕೆಲಸ ಹೀಗೆ ನಡೆಯಿತು: ಅವನು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು, ಅಂಗಳ ದಾಟುವುದು, ಒಂದೊಂದೇ ಅಕ್ಷರ ಹುಡುಕಿ ಒತ್ತುವುದು, ಯಂತ್ರ ಕೊಟ್ಟ ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆದು ಮತ್ತೆ ಅಂಗಳ ದಾಟುವುದು. ಎಲ್ ಎಸ್ ಎಂದರೆ ಏನೇನು ಉಂಟು ತೋರಿಸು. ಸಿ ಡಿ ಎಂದರೆ ಫೋಲ್ಡರಿನ ಒಳಗೆ ಹೋಗು, ಬರೆಯುವ ಸಿ.ಡಿ.ಗೂ ಅದಕ್ಕೂ ಸಂಬಂಧವಿಲ್ಲ. ಆರ್ ಎಮ್ ಎಂದರೆ ಅಳಿಸು. ಆಟಗಳು ಒಂದೇ ಆಜ್ಞೆಗೆ ಹೋದವು, ಆದರೆ ಅವು ಬಿಟ್ಟುಹೋದ ಫೋಲ್ಡರುಗಳು ಕದಲಲಿಲ್ಲ. ಕೆಲವು ಹೆಸರಿನ ಮುಂದೆ ಚುಕ್ಕಿ ಇಟ್ಟುಕೊಂಡು ಅಡಗಿದ್ದವು. ಅವನ್ನು ಒಂದೊಂದಾಗಿ ಆರ್ ಎಮ್ ಕೊಟ್ಟು ಮುಗಿಸುತ್ತ ಬಂದೆ. ಕರಿಯ ಪರದೆಯ ಮೇಲೆ ನಾನು ಹೇಳಿದ್ದು ಹೇಳಿದ ಹಾಗೆ ಆಗುತ್ತಿತ್ತು. ತರಗತಿಯಲ್ಲಿ ಆ ಭಾಗ್ಯ ನನಗೆ ಯಾವತ್ತೂ ಇರಲಿಲ್ಲ. ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಗುರುವಾರ ಮಧ್ಯಾಹ್ನದ ಕೊನೆಯ ಚೀಟಿಯಲ್ಲಿ ಮೂರು ಸಾಲು ಇತ್ತು. ಉಳಿದ ಆಟದ ಫೋಲ್ಡರ್ ತೆಗೆಯುವುದು. ಸಿ.ಡಿ. ಬರೆಯುವುದು. ಬರೆದ ಮೇಲೆ ಫೋಟೋ ಫೋಲ್ಡರ್ ತೆಗೆಯುವುದು. ಮೂರನ್ನೂ ಕ್ರಮವಾಗಿ ಮಾಡಿದೆ. ಸಿ.ಡಿ. ತಿರುಗಿ, ಸದ್ದು ಮಾಡಿ, ಹೊರಗೆ ಬಂತು. ಫೋಟೋ ಸಿ.ಡಿ.ಗೆ ಹೋದ ಮೇಲೆ ಯಂತ್ರದಲ್ಲಿ ಇನ್ನೇಕೆ ಎಂದು ನನಗೂ ಅನಿಸಿತು. ಆರ್ ಎಮ್ ಕೊಟ್ಟೆ. ಫೋನಿಗೆ ಹೋಗಿ ಮುಗಿಯಿತು ಎಂದೆ.

"ಫೋಟೋದ್ದು ತೆಗೆದು ನೋಡಿದ್ರಾ ಸರ್?"

"ತೆಗೆದೆ."

"ಎಂತ ಉಂಟು ಒಳಗೆ?"

"ಒಳಗೆ ಎಂತ ಇರುವುದು ಮಾರಾಯ? ತೆಗೆದಾಯಿತಲ್ಲ."

ಚೀಟಿಯ ಮೂರನೆಯ ಸಾಲನ್ನು ಅವನು ನನ್ನಿಂದ ಓದಿಸಿದ. ಆಮೇಲೆ, "ಆ ಸಿ.ಡಿ. ಹಾಕಿ ಎಲ್ ಎಸ್ ಕೊಡಿ ಸರ್, ಒಮ್ಮೆ" ಎಂದ. ಹೋಗಿ ಕೊಟ್ಟೆ. ಸಿ.ಡಿ.ಯಲ್ಲಿ ಏನೂ ಇರಲಿಲ್ಲ. ಬರೆಯುವಾಗಲೇ ಕೆಟ್ಟಿತ್ತು.

ಬಾಗಿಲು ತೆಗೆ ಎಂದರೆ ತೆರೆ. ಕಸ ತೆಗೆ ಎಂದರೆ ಇಲ್ಲದ ಹಾಗೆ ಮಾಡು. ತುಳುವಿನಲ್ಲಿ ತೆಗೆಗೆ ದೆಪ್ಪು ಎನ್ನುತ್ತಾರೆ, ಅದಕ್ಕೂ ಇದೇ ರೋಗ. ಸಿ.ಡಿ. ಸರಿಯಾಗಿದೆಯೋ ಎಂದು ಅದರೊಳಗಿನ ಫೋಟೋ ಫೋಲ್ಡರನ್ನು "ತೆಗೆದು ನೋಡಿ" ಎಂದು ಅವನು ಹೇಳಿದ್ದ. ಬರೆದುಕೊಳ್ಳುವಾಗ ನಾನು "ನೋಡಿ"ಯನ್ನು ಬಿಟ್ಟೆ. ಹಳೆಯ ಅಭ್ಯಾಸ, ಬೇಡದ ಪದ ಅನಿಸಿತು. ಇಪ್ಪತ್ತು ವರ್ಷ ಮಕ್ಕಳಿಗೆ ನಾನಾರ್ಥ ಬರೆಯಿರಿ ಎಂದು ಪ್ರಶ್ನೆ ಕೊಟ್ಟವನು ನಾನು. ಅರಿ ಎಂದರೆ ತಿಳಿ, ಅರಿ ಎಂದರೆ ಶತ್ರು. ತೆಗೆ ಎಂಬುದನ್ನು ಒಮ್ಮೆಯೂ ಕೇಳಿರಲಿಲ್ಲ.

ಶಿಷ್ಯ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬಂದ. ಸಂಜೆಯವರೆಗೆ ಏನೇನೋ ಒತ್ತಿದ. "ಇದರಲ್ಲಿ ಆರ್ ಎಮ್ ಕೊಟ್ಟದ್ದಕ್ಕೆ ಕಸದ ಬುಟ್ಟಿ ಇಲ್ಲ ಸರ್" ಎಂದು ಎದ್ದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಕ್ಲರ್ಕಿಗೆ ಹೇಳಬೇಕಾಯಿತು. ಅವರು ಬಾಗಿಲ ಬಳಿ ಬ್ಯಾಗು ಹಿಡಿದು ಕಾಯುತ್ತಿದ್ದರು. ನಾನು ಉದ್ದಕ್ಕೆ ವಿವರಿಸಿದೆ: ಫೋಲ್ಡರು, ಚೀಟಿ, ಪದ. ಅವರು ಎಲ್ಲವನ್ನೂ ಕೇಳಿ, "ಒಂದೂ ಇಲ್ವಾ ಸರ್?" ಎಂದರು. ಇಲ್ಲ ಎಂದೆ. ಒಳಗೆ ಬಂದು ಸೆರಗಿನ ತುದಿಯಿಂದ ಪರದೆಯ ಧೂಳು ಒರೆಸಿದರು, ಸುಮ್ಮನೆ. ನನಗೆ ನಾಚಿಕೆಯಿಂದ ಕೂತಲ್ಲಿ ಕೂರಲಾಗಲಿಲ್ಲ.

"ಈಗಿನದ್ದೊಂದು ತೆಗೆಯುವ ಸರ್" ಎಂದರು ಕೊನೆಗೆ. "ಸ್ಟುಡಿಯೋ ಇನ್ನೂ ಮುಚ್ಚಿರ್ಲಿಕ್ಕಿಲ್ಲ."

ಶುಕ್ರವಾರ ವಿಮಾನದಲ್ಲಿ ಹೋದದ್ದು ಸ್ಟುಡಿಯೋದ ಕುರ್ಚಿಯ ಮೇಲೆ ನಿದ್ದೆಗಣ್ಣಿನ ಮಗು ಕೂತ ಒಂದು ಫೋಟೋ. ತಂದೆ ಮಗುವನ್ನು ಮೊದಲು ನೋಡಿದ್ದು ಹಾಗೆ.

ಆ ಮಗು ನಮ್ಮ ಶಾಲೆಗೇ ಒಂದನೇ ತರಗತಿಗೆ ಬಂದಳು. ಅಷ್ಟರಲ್ಲಿ ಹೊಸ ಕಂಪ್ಯೂಟರುಗಳು ಬಂದಿದ್ದವು, ಅದಕ್ಕೆಂದೇ ಒಬ್ಬ ಟೀಚರೂ ಬಂದಿದ್ದರು, ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಒಂದು ದಿನ ಅವಳು ಪುಸ್ತಕ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಪಾಪು ಆಗಿದ್ದಾಗಿನ ಫೋಟೋ ಅಂಟಿಸಿಕೊಂಡು ಬನ್ನಿ ಎಂದು ಕ್ಲಾಸ್ ಟೀಚರು ಹೇಳಿದ್ದರಂತೆ.

"ಮನೆಯಲ್ಲಿ ಒಂದೂ ಇಲ್ಲ ಸರ್. ಉಮ್ಮನ ಹತ್ರ ಕೇಳಿದೆ. ನಾನು ಸಣ್ಣ ಇರುವಾಗಿನ ಫೋಟೋ ಎಲ್ಲ ನೀವು ತೆಗೆದದ್ದಂತೆ."

ಆ ವಾಕ್ಯವನ್ನು ನಾನು ಮನಸ್ಸಿನಲ್ಲೇ ಎರಡು ಸಲ ಓದಿದೆ. ತಾಯಿ ಸುಳ್ಳು ಹೇಳಿರಲಿಲ್ಲ, ಮಗಳಿಗೆ ನನ್ನ ಮೇಲೆ ಸಿಟ್ಟು ಬರುವ ಹಾಗೆಯೂ ಹೇಳಿರಲಿಲ್ಲ. ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

"ಹೌದು, ನಾನೇ ತೆಗೆದದ್ದು" ಎಂದೆ.

"ಹಾಗಾದ್ರೆ ಒಂದು ಕೊಡಿ ಸರ್" ಎಂದು ಅವಳು ಕೈ ಚಾಚಿದಳು.