ತಾವಾಗಿ ಇಂಜಿನ್ ಇಳಿದ ಶರಣಪ್ಪನವರು

ಶರಣಪ್ಪನವರು ಇಂಜಿನ್ ಹತ್ತುವ ಮುನ್ನ ಹಣೆಯ ವಿಭೂತಿ ಸರಿಮಾಡಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದರು. ಸಿಮೆಂಟಿನ ಗೂಡ್ಸ್ ಗಾಡಿಯಲ್ಲಿ ಅವರನ್ನು ನೋಡುವವರಾದರೂ ಯಾರು? ಕೇಳಿದರೆ, "ನಾ ನೋಡ್ತೀನಲ್ಲ ತಂಗಿ" ಎನ್ನುತ್ತಿದ್ದರು.

ವಾಡಿಯಲ್ಲಿ ನಾನು ಸಹಾಯಕ ಚಾಲಕಿಯಾಗಿ ಸೇರಿದಾಗ ಕೆಲಸ ಕಲಿಸಿದವರು ಅವರೇ. ಮೂವತ್ತು ವರ್ಷ ಒಂದೂ ಸಿಗ್ನಲ್ ತಪ್ಪಿದವರಲ್ಲ. ಒಮ್ಮೆ ತರಬೇತಿಯಲ್ಲಿ ಕೇಳಿ ಬಂದ 'ಸ್ವಬಿಂಬ' ಎಂಬ ಪದವನ್ನು ಅವರಿಗೆ ಹೇಳಿದೆ.

"ಹಂಗಂದ್ರ?"

"ನಮ್ಮ ಬಗ್ಗೆ ನಾವ ಮನಸ್ಸಿನಾಗ ಇಟ್ಕೊಂಡ ಚಿತ್ರ, ಸರ್."

"ನಂದು ಸಣ್ಣ ಚಿತ್ರ. ಡ್ರೈವರ್ ಶರಣಪ್ಪ. ಮತ್ತೇನೂ ಇಲ್ಲ ಅದರಾಗ" ಎಂದು ನಕ್ಕರು.

ಆ ಬೇಸಿಗೆಯಲ್ಲಿ ಒಂದು ದಿನ ಸೇಡಂ ಕಡೆಯಿಂದ ಚಿತ್ತಾಪುರ ದಾಟಿ ವಾಡಿಗೆ ಬರುತ್ತಿದ್ದೆವು. ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

"ಗ್ರೀನ್!" ಎಂದು ಅವರು ಸಿಗ್ನಲ್ ನೋಡಿ ಕೂಗಿ ಹೇಳಿದರು.

ನನಗೆ ಕಂಡದ್ದು ಹಳದಿ, ಮುಂದಿನದು ಕೆಂಪಿದೆ ಎಂಬ ಸೂಚನೆ. ಅವರ ಕಣ್ಣಿಗೆ ಮೂವತ್ತು ವರ್ಷದ ಅನುಭವ, ನನ್ನದಕ್ಕೆ ಎಂಟೇ ತಿಂಗಳು.

"ಸರ್, ಯೆಲ್ಲೋ ಅದ! ಯೆಲ್ಲೋ!" ಎಂದು ಚೀರಿದೆ.

ಬ್ರೇಕ್ ಬಿತ್ತು. ಹಿಂದಿನ ಡಬ್ಬಿಗಳೆಲ್ಲ ಧಡಧಡ ನೂಕುತ್ತ ಬಂದವು. ಮುಂದಿನ ಕೆಂಪು ದೀಪಕ್ಕೆ ನಾಲ್ಕು ಮಾರು ಇರುವಾಗ ಗಾಡಿ ನಿಂತಿತು. ಅದರಾಚೆ, ಅದೇ ಹಳಿಯ ಮೇಲೆ, ಪ್ಯಾಸೆಂಜರ್ ಗಾಡಿಯೊಂದು ನಿಂತಿತ್ತು. ಕೊನೆಯ ಡಬ್ಬಿಯ ಬಾಗಿಲಲ್ಲಿ ಹೆಂಗಸೊಬ್ಬಳು ಕೂಸಿಗೆ ನೀರು ಕುಡಿಸುತ್ತಿದ್ದಳು.

ಕೆಂಪು ದಾಟಿರಲಿಲ್ಲ, ನಾವು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾ ಯಾರ ಮುಂದೂ ಹೇಳಂಗಿಲ್ರಿ ಸರ್."

"ಎರಡು ತಿಂಗಳಾತು, ಬಣ್ಣ ಮಸುಕಾಗಲಿಕತ್ತಾವ. ಬಿಸಿಲಿಗಿ ಹಂಗಾಗ್ತದ ಅಂತ ನನಗ ನಾನೇ ಹೇಳ್ಕೊಂಡೆ. ಡ್ರೈವರ್ ಶರಣಪ್ಪನ ಕಣ್ಣಿಗಿ ಏನಾಗ್ತದ ಅಂತ!" ಅವರು ಆ ಹೆಂಗಸನ್ನೇ ನೋಡುತ್ತಿದ್ದರು. "ನನ್ನ ಚಿತ್ರ ಉಳಿಸ್ಕೊಳ್ಳಲಿಕ್ಕ ಆ ಕೂಸಿನ ಜೀವ ತೆಗೀತಿದ್ದೆ ತಂಗಿ."

ವಾಡಿಯಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ನೇರ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಬರೆದುಕೊಟ್ಟರು. ಕಣ್ಣಿನ ಪರೀಕ್ಷೆಯಾಗಿ ಇಂಜಿನ್ ಕೈತಪ್ಪಿತು. ಬೇರೆ ಊರಿನ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಬಂತು. ಒಂದು ತಿಂಗಳು ಅವರು ಕ್ವಾರ್ಟರ್ಸಿನ ಬಾಗಿಲು ದಾಟಲಿಲ್ಲ. ನೋಡಲು ಹೋಗಿ 'ಡ್ರೈವರ್ ಸಾಬ್' ಎಂದು ಕರೆದ ನನಗೆ, "ಡ್ರೈವರ್ ಸಾಬ್ ಅನಬ್ಯಾಡ. ಯಾರಿಗಿ ಕರೀಲಿಕತ್ತಿ ಅಂತ ನನಗ ತಿಳಿಯವಲ್ದು" ಎಂದರು. ಅಂದಿನಿಂದ ಕಾಕಾ ಎಂದೆ.

ಅವರು ಊರು ಬಿಡುವ ದಿನ ಸ್ಟೇಷನ್ನಿಗೆ ಹೋಗಿದ್ದೆ. ಜನರಲ್ ಡಬ್ಬಿಯ ಕಿಟಕಿಗೆ ಕೂತಿದ್ದರು.

"ಮೂವತ್ತು ವರ್ಷದಾಗ ಮೊದಲ ಸಲ ಗಾಡ್ಯಾಗ ಆರಾಮ್ ನಿದ್ದಿ ಮಾಡ್ತೀನಿ, ನೋಡು" ಎಂದರು.

ಗಾಡಿ ಹೊರಟಿತು. ಕೈ ಬೀಸಿದೆ, ಅವರು ನೋಡಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯ ಸರಳಿಗೆ ಒತ್ತಿದ ಅವರ ಮುಖ ಇಂಜಿನ್ ಕಡೆಗೇ ಇತ್ತು.